ಕಾಗದದ ಖರ್ಚು ಯಾರ ಮೈಮೇಲೆ?

1854ಕ್ಕೆ ಮೊದಲು ಧಾರವಾಡ ಸೀಮೆಯಲ್ಲಿ ಮನೆ ಬಾಗಿಲಿಗೆ ಕಾಗದ ಬಂತೆಂದರೆ ಸುದ್ದಿಯ ಮಾತು ಆಮೇಲೆ, ಮೊದಲು ದುಡ್ಡಿನ ಮಾತು. ಈಸ್ಟ್ ಇಂಡಿಯಾ ಕಂಪನಿ 1837ರಲ್ಲಿ ತನ್ನ ಟಪಾಲನ್ನು ಕಾಯ್ದೆಗೆ ಒಳಪಡಿಸಿತ್ತು. ತೂಕ ಎಷ್ಟು, ದಾರಿ ಎಷ್ಟು ಎಂಬುದರ ಮೇಲೆ ದರ. ಬರೆದವನು ಆ ಹಣವನ್ನು ಮೊದಲೇ ಕಟ್ಟಬಹುದಿತ್ತು. ಕಟ್ಟದೆ ಹಾಗೆಯೇ ಟಪಾಲಿಗೆ ಹಾಕಿದರೂ ನಡೆಯುತ್ತಿತ್ತು. ಹಾಗೆ ಹಾಕಿದ್ದು ‘ಬೇರಿಂಗ್’ ಕಾಗದ. ಅದನ್ನು ಬಿಡಿಸಿಕೊಳ್ಳಬೇಕಾದರೆ ಪಡೆಯುವವನೇ ಹಣ ಎಣಿಸಬೇಕು. ಒಳಗೆ ಮಗಳ ಹೆರಿಗೆಯ ಸುದ್ದಿ ಇದೆಯೋ, ಸಾಲಗಾರನ ತಗಾದೆ ಇದೆಯೋ ಒಡೆಯುವ ತನಕ ತಿಳಿಯದು. ಹಣ ಕೊಡದೆ ಒಡೆಯುವಂತಿಲ್ಲ.

1854ರ ಅಕ್ಟೋಬರ್ 1ರಂದು ಇದಕ್ಕೆ ಕೊಡಲಿಪೆಟ್ಟು ಬಿತ್ತು. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿದ್ದ ಕಾಲ. ಕಾಲು ತೊಲೆ ತೂಕದ ಕಾಗದ ದೇಶದ ಯಾವ ಮೂಲೆಗೆ ಹೋದರೂ ಅರ್ಧ ಆಣೆ. ಆ ಅರ್ಧ ಆಣೆಯ ಅಂಚೆಚೀಟಿಯನ್ನು ಕಳಿಸುವವನೇ ಮೊದಲು ಕೊಂಡು ಹಚ್ಚಬೇಕು. ಚೀಟಿ ಹಚ್ಚದ ಕಾಗದವನ್ನು ಟಪಾಲಿನವರು ಬೇಡವೆನ್ನಲಿಲ್ಲ, ಆದರೆ ಎರಡರಷ್ಟು ವಸೂಲಿ ಮಾಡಿದರು. ಕಾಗದದ ಖರ್ಚು ಪಡೆಯುವವನ ಮೈಮೇಲಿಂದ ಕಳಿಸುವವನ ಮೈಮೇಲೆ ಬಂತು. ಟಪಾಲಿನ ಇತಿಹಾಸ ಬರೆಯುವವರು ರನ್ನರ್, ರೈಲು, ತಂತಿಗಳಿಗೆ ಪುಟಗಟ್ಟಲೆ ಕೊಡುತ್ತಾರೆ. ಈ ಖರ್ಚಿನ ಬದಲಾವಣೆಗೆ ಅಷ್ಟು ಜಾಗ ಸಿಕ್ಕುವುದಿಲ್ಲ. ಮುಂದೆ ಇಮೇಲ್ ಬಂದಾಗ ಕೆಟ್ಟದ್ದು ಇದೇ ಲೆಕ್ಕ. ಅದನ್ನು ಸರಿಪಡಿಸುವ ಕೆಲಸ ಇವತ್ತಿಗೂ ಮುಗಿದಿಲ್ಲ.

ಈ ಕಥೆಯನ್ನು ಶಿಗ್ಗಾಂವದ ಕಡೆಯಿಂದ ನೋಡೋಣ. ಈಗ ಹಾವೇರಿ ಜಿಲ್ಲೆಯಲ್ಲಿರುವ ಅದು ಆಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ ಊರು. ಪಕ್ಕದ ಸವಣೂರು ನವಾಬರ ಸಂಸ್ಥಾನ. ತುಂಗಭದ್ರೆಯ ಆಚೆಗೆ ಮೈಸೂರು. ಅಲ್ಲಿ ಚಿಕ್ಕದೇವರಾಜ ಒಡೆಯರು ಹದಿನೇಳನೆಯ ಶತಮಾನದಲ್ಲಿ ಕಟ್ಟಿದ ಅಂಚೆ 1889ರ ತನಕ ಸ್ವಂತ ವ್ಯವಸ್ಥೆಯಾಗಿಯೇ ಓಡಾಡುತ್ತಿತ್ತು. ಮೈಸೂರಿನ ಅಂಚೆ ಕಾಗದ ಒಯ್ಯುವುದರ ಜೊತೆಗೆ ಊರೂರಿನ ಗುಟ್ಟುಗಳನ್ನೂ ಅರಮನೆಗೆ ಮುಟ್ಟಿಸುತ್ತಿತ್ತು. ಕಾಗದ ಒಯ್ಯುವವನೇ ಕಾಗದ ಓದುವವನೂ ಆಗಬಹುದು ಎಂಬ ಅನುಮಾನ ಹೊಸದೇನಲ್ಲ.

ಆ ಕಾಲದ ದಾಖಲೆಗಳಲ್ಲಿ ಶಿಗ್ಗಾಂವ ಕಡೆಯ ತಾಲ್ಲೂಕಿನ ಹೆಸರು ಬಂಕಾಪುರ; ಕಚೇರಿ ಇದ್ದದ್ದು ಶಿಗ್ಗಾಂವದಲ್ಲಿ. ದಕ್ಷಿಣದ ಇನ್ನೊಂದು ತಾಲ್ಲೂಕಿನ ಹೆಸರು ಕೋಡ; ಅದರ ಕಚೇರಿ ಹಿರೇಕೆರೂರಿನಲ್ಲಿ. ‘ಬಂಕಾಪುರ ತಾಲ್ಲೂಕು ಮಾಮಲೇದಾರರಿಗೆ’ ಎಂದು ಬರೆದ ಕಾಗದ ಬಂಕಾಪುರಕ್ಕೆ ಹೋದರೆ ಅಲ್ಲಿ ಮಾಮಲೇದಾರ ಸಿಕ್ಕುವುದಿಲ್ಲ. ವಿಳಾಸದ ಮೇಲಿನ ಹೆಸರು ಒಂದು, ಕಾಗದ ಇಳಿಯುವ ಜಾಗ ಇನ್ನೊಂದು. ನಡುವೆ ಆ ಗುಟ್ಟು ಬಲ್ಲ ಟಪಾಲಿನವನೊಬ್ಬ ಇರಬೇಕು. ಇಂದಿನ ಬಾಡಿಗೆ ಇಮೇಲ್ ನಿಂತಿರುವುದು ಇದೇ ಏರ್ಪಾಟಿನ ಮೇಲೆ. ಆ ಮಾತು ಮುಂದೆ ಬರುತ್ತದೆ.

ರೈಲು ಮುಟ್ಟದ ಶಿಗ್ಗಾಂವಕ್ಕೆ ಟಪಾಲು ಬಂದದ್ದೆಲ್ಲ ರಸ್ತೆಯ ಮೇಲೆಯೇ. ಹುಬ್ಬಳ್ಳಿಯ ರೈಲು ಟಪಾಲು ಕಚೇರಿಯಾದ ಆರ್‌ಎಂಎಸ್‌ನಲ್ಲಿ ರಾತ್ರಿಯಿಡೀ ಗೂಡುಗೂಡಾಗಿ ವಿಂಗಡಣೆ, ಬೆಳಗಿನ ಗಾಡಿಗೆ ಚೀಲ. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂದ ಮೇಲೆ ಶಿಗ್ಗಾಂವ 581205 ಆಯಿತು, ಹಿರೇಕೆರೂರು 581111. ಮೊದಲ ಅಂಕಿ ವಲಯ ಹೇಳುತ್ತದೆ, ಮೊದಲ ಮೂರು ಅಂಕಿ ಸೇರಿದರೆ ವಿಂಗಡಣೆಯ ಜಿಲ್ಲೆ. ಕನ್ನಡ ಓದಲು ಬಾರದ ಗುಮಾಸ್ತನೂ ಆರು ಅಂಕಿ ನೋಡಿ ಕಾಗದವನ್ನು ಸರಿಯಾದ ಗೂಡಿಗೆ ಎಸೆಯಬಲ್ಲವನಾದ. ವಿಂಗಡಣೆ ನಡೆಯುತ್ತಿದ್ದದ್ದು ಲಕೋಟೆಯ ಹೊರಗೆ, ಒಳಗಲ್ಲ.

ಹಾಗೆಂದು ಟಪಾಲಿನವರು ಬೇಡದ ಕಾಗದವನ್ನು ತಡೆಯುತ್ತಲೇ ಇರಲಿಲ್ಲ ಎಂದಲ್ಲ. 1898ರ ಅಂಚೆ ಕಾಯ್ದೆಯಲ್ಲಿ ಅಶ್ಲೀಲ ವಸ್ತುಗಳನ್ನು ಕಳಿಸಕೂಡದೆಂಬ ಕಲಮು ಇತ್ತು. ಪರವಾನಗಿ ಇಲ್ಲದ ಲಾಟರಿಯ ಟಿಕೆಟ್ಟು, ಜಾಹೀರಾತುಗಳಿಗೆ ಬೇರೆಯೇ ಕಲಮು ಆಮೇಲೆ ಸೇರಿತು. ಲಾಟರಿ ಹೊಡೆದಿದೆ ಎಂಬ ಸುಳ್ಳು ಮೇಲ್ ದಿನಾ ಅಳಿಸುವವರಿಗೆ ಇದು ತಮಾಷೆ ಎನಿಸಬಹುದು. ಆ ಕಲಮು ಬರೆದವರಿಗೆ ಈ ರೋಗದ ಪರಿಚಯ ಚೆನ್ನಾಗಿಯೇ ಇತ್ತು. ಪಡೆಯುವವನು ಒಲ್ಲೆನೆಂದ, ಕಳಿಸಿದವನ ಪತ್ತೆಯೂ ಇಲ್ಲದ ಕಾಗದಗಳು ಸೇರುತ್ತಿದ್ದದ್ದು ಡೆಡ್ ಲೆಟರ್ ಆಫೀಸಿಗೆ. ಮುಂದೆ ಅದರ ಹೆಸರು ರಿಟರ್ನ್ಡ್ ಲೆಟರ್ ಆಫೀಸ್ ಎಂದಾಯಿತು. ಲಕೋಟೆ ಒಡೆದು ನೋಡುವ ಅಧಿಕಾರ ಇದ್ದದ್ದು ಅಲ್ಲಿಯವರಿಗೆ, ಅದೂ ವಿಳಾಸ ಹುಡುಕುವುದಕ್ಕಾಗಿ.

ಇಷ್ಟಾದರೂ ನುಸುಳಿದ ಒಂದು ಜಾತಿಯಿತ್ತು. ಅಂಚೆ ಕಾರ್ಡು ಅಗ್ಗವಾಗಿದ್ದ ದಿನಗಳನ್ನು ಕಂಡ ಯಾರನ್ನು ಕೇಳಿದರೂ ಹೇಳುತ್ತಾರೆ: ತಿರುಪತಿ ತಿಮ್ಮಪ್ಪನದೋ, ಸಂತೋಷಿ ಮಾತೆಯದೋ ಮಹಿಮೆ ಬರೆದ ಕಾರ್ಡು. ಇದನ್ನು ಇಷ್ಟು ಮಂದಿಗೆ ಬರೆದು ಹಾಕಿದವನಿಗೆ ಹೊಲದಲ್ಲಿ ಹೊನ್ನು ಸಿಕ್ಕಿತು, ಹರಿದು ಒಲೆಗೆ ಹಾಕಿದವನ ಎತ್ತು ಮೂರೇ ದಿನಕ್ಕೆ ಸತ್ತಿತು ಎಂಬ ಬೆದರಿಕೆ. ಹೆದರಿದವರು ಕಾರ್ಡಿನ ಕಟ್ಟು ತಂದು ಶಾಲೆಗೆ ಹೋಗುವ ಹುಡುಗರ ಕೈಯಲ್ಲಿ ಬರೆಸುತ್ತಿದ್ದರು. ಆದರೆ ಈ ಪಿಡುಗಿಗೆ ತಾನೇ ತಾನಾಗಿ ಒಂದು ಮಿತಿಯಿತ್ತು. ಪ್ರತಿ ಕಾರ್ಡಿಗೂ ದುಡ್ಡು, ಪ್ರತಿ ಕಾರ್ಡಿಗೂ ಕೈನೋವು. ಹನ್ನೊಂದನೆಯ ಕಾರ್ಡಿಗೆ ಬರುವಷ್ಟರಲ್ಲಿ ಭಕ್ತಿ ಇಳಿಯುತ್ತಿತ್ತು.

1986ನೆಯ ಇಸವಿ ಈ ಕಥೆಯಲ್ಲಿ ಎರಡು ಕಾರಣಕ್ಕೆ ಮುಖ್ಯ. ಆ ವರ್ಷದ ಜುಲೈನಲ್ಲಿ ಧಾರವಾಡ ಮತ್ತು ಬೆಳಗಾವಿಯ ನಡುವಣ ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ ಚಾಲೂ ಆಯಿತು. 128 ಪೋರ್ಟುಗಳ ಸಣ್ಣ ಯಂತ್ರ. ಹವಾನಿಯಂತ್ರಣ ಬೇಡ, ಧೂಳಿಗೆ, ಸೆಕೆಗೆ ಜಗ್ಗದು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿದಂತೆ ಎಂಟು ಸಂಸ್ಥೆಗಳನ್ನು ಜೋಡಿಸುವ ಅರ್ನೆಟ್ ಜಾಲ ಶುರುವಾಯಿತು. ದೇಶದ ಮೊದಮೊದಲ ಇಮೇಲ್‌ಗಳು ಹರಿದದ್ದು ಅದರ ಮೂಲಕ. ಒಂದು ಹಳ್ಳಿಯ ದಾರಿ, ಇನ್ನೊಂದು ವಿದ್ವಾಂಸರ ದಾರಿ. ಎರಡೂ ಒಂದಾಗಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ಕಿತ್ತೂರಿನ ಹಿಂದೆಯೇ ಬಂದದ್ದು ಎಸ್‌ಟಿಡಿ ಬೂತು. ಹಳದಿ ಬೋರ್ಡು, ಗಾಜಿನ ಗೂಡು, ಕೆಂಪು ಅಂಕಿ ಓಡುವ ಮೀಟರು. ಹೆದ್ದಾರಿಯ ಪಕ್ಕದ ಶಿಗ್ಗಾಂವದಂಥ ಊರಿನಲ್ಲಿ ಲಾರಿ ನಿಲ್ಲಿಸಿ ಮಾಲಕರಿಗೆ ಫೋನ್ ಹಚ್ಚುವವರಿಂದ ಹಿಡಿದು ಧಾರವಾಡಕ್ಕೆ ಓದಲು ಹೋದ ಮಗನ ದನಿ ಕೇಳಲು ಕಾಯುವವರ ತನಕ ಎಲ್ಲರಿಗೂ ಅದೇ ಆಸರೆ. ಬೂತಿನವನಿಗೆ ಸ್ವಂತ ತಂತಿಯಿಲ್ಲ, ಎಕ್ಸ್‌ಚೇಂಜ್ ಇಲ್ಲ. ಟೆಲಿಕಾಂ ಇಲಾಖೆಯ ಸೇವೆಯನ್ನು ಕಮಿಷನ್ನಿಗೆ ಮಾರುವವನು ಅವನು. ಇಂದಿನ ಭಾಷೆಯಲ್ಲಿ ರೀಸೆಲ್ಲರ್. ಲೈನು ಕೆಟ್ಟರೆ ಇಲಾಖೆಗೆ ಫೋನ್ ಮಾಡುವವನೂ ಅವನೇ, ಗಿರಾಕಿಯ ಬೈಗುಳ ತಿನ್ನುವವನೂ ಅವನೇ. ಈ ದಂಧೆಯ ಸ್ವಭಾವ ಮುಂದೆಯೂ ಬದಲಾಗಲಿಲ್ಲ.

ಇನ್ನು ಇಮೇಲ್. ಅಮೆರಿಕದ ರೇ ಟಾಮ್ಲಿನ್ಸನ್ 1971ರಲ್ಲಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಓಲೆ ಕಳಿಸಿ ತೋರಿಸಿದ. ಏಳೇ ವರ್ಷಕ್ಕೆ, 1978ರ ಮೇ 3ರಂದು, ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಗ್ಯಾರಿ ಥರ್ಕ್ ಎಂಬ ಮಾರಾಟಗಾರ ಅರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ಒಂದೇ ಏಟಿಗೆ ತನ್ನ ಕಂಪ್ಯೂಟರಿನ ಜಾಹೀರಾತು ಕಳಿಸಿದ. ಬೈಗುಳ ಬಿದ್ದವು, ಯಂತ್ರಗಳೂ ಮಾರಾಟವಾದವು. ಎರಡನೆಯದೇ ಅಪಾಯದ ಸುದ್ದಿ. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಎಸ್‌ಎಂಟಿಪಿ ನಿಯಮಾವಳಿ ಇಡೀ ಜಗತ್ತಿನ ಇಮೇಲ್‌ಗೆ ತಳಪಾಯವಾಯಿತು. ಅದರ ಸಂಭಾಷಣೆ ಬಲು ಸರಳ. ಒಂದು ಸರ್ವರ್ ಬಂದು ನಮಸ್ಕಾರ ಹೇಳುತ್ತದೆ, ಇಂಥವರಿಂದ ಬಂದೆ ಎನ್ನುತ್ತದೆ, ಇಂಥವರಿಗೆ ಕೊಡಬೇಕು ಎನ್ನುತ್ತದೆ. ಎದುರಿನ ಸರ್ವರ್ ಪ್ರತಿ ಮಾತಿಗೂ 250 ಎಂಬ ಅಂಕಿ ಉತ್ತರಿಸುತ್ತದೆ. ಹೂಂ, ಆಗಲಿ ಎಂದು ಅರ್ಥ. ಇಂಥವರಿಂದ ಬಂದೆ ಎಂಬ ಮಾತು ನಿಜವೋ ಸುಳ್ಳೋ ಎಂದು ಕೇಳುವ ಸಾಲೇ ಅದರಲ್ಲಿ ಇರಲಿಲ್ಲ. ಪ್ರಧಾನಿಯ ಹೆಸರು ಹೇಳಿದರೂ 250.

ಅರ್ಧ ಆಣೆಯ ಚೀಟಿಯೂ ಇಲ್ಲ. ಒಂದು ಮೇಲ್ ಕಳಿಸಲು ಆಗುವ ಖರ್ಚೇ ಒಂದು ಲಕ್ಷಕ್ಕೂ ಹೆಚ್ಚುಕಡಿಮೆ ಸಾಕು. ಅದನ್ನು ಹೊತ್ತು ತರುವ ಲೈನಿನ ಬಾಡಿಗೆ, ಇಡುವ ಡಿಸ್ಕು, ಅಳಿಸುವ ಸಮಯ, ಎಲ್ಲವೂ ಪಡೆಯುವವನ ಲೆಕ್ಕಕ್ಕೆ. ಬೇರಿಂಗ್ ಕಾಗದ ನೂರಕ್ಕೂ ಹೆಚ್ಚು ವರ್ಷ ಹಿಂದಿನಿಂದ ಮತ್ತೆ ಬಂದಿತ್ತು, ಈ ಸಲ ಒಲ್ಲೆನೆನ್ನುವ ಹಕ್ಕೂ ಇಲ್ಲದೆ.

ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿತು. ಮರುವರ್ಷ ಜುಲೈ 4ರಂದು ಹಾಟ್‌ಮೇಲ್ ಹುಟ್ಟಿತು. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಬೆಂಗಳೂರಿನಲ್ಲಿ ಓದಿದವರು. 1997ರ ಕೊನೆಗೆ ಮೈಕ್ರೋಸಾಫ್ಟ್ ಅದನ್ನು ಕೊಂಡಿತು. 2000ರ ಅಕ್ಟೋಬರ್ 1ರಂದು ಟೆಲಿಕಾಂ ಇಲಾಖೆಯ ಸೇವೆಗಳೆಲ್ಲ ಬಿಎಸ್‌ಎನ್‌ಎಲ್ ಆದವು. ಅದರ ಸಂಚಾರ್‌ನೆಟ್ ಖಾತೆಯೇ ಕರ್ನಾಟಕದ ಎಷ್ಟೋ ಶಾಲೆ, ಪ್ರಕಾಶಕರು, ಸಣ್ಣ ಕಾರ್ಖಾನೆಗಳ ಮೊದಲ ಇಮೇಲ್ ವಿಳಾಸ. ಹಳೆಯ ಪುಸ್ತಕಗಳ ಎರಡನೆಯ ಪುಟದಲ್ಲಿ ಅದು ಇನ್ನೂ ಕಾಣಸಿಗುತ್ತದೆ.

ವಿಳಾಸದ ಬಾಲದಲ್ಲಿ ಬೇರೆಯವರ ಹೆಸರು ಯಾಕಿರಬೇಕು ಎಂಬ ಪ್ರಶ್ನೆ ಎದ್ದದ್ದು ಆಮೇಲೆ. ಭಾರತದ ‘.ಇನ್’ ಹೆಸರುಗಳು 1989ರಿಂದಲೂ ಇದ್ದವು. ಆದರೆ ಅವನ್ನು ಪಡೆಯಲು ಇದ್ದ ಕಟ್ಟುಕಟ್ಟಳೆಗಳಿಂದ 2004ರ ತನಕ ನೋಂದಣಿಯಾದದ್ದು ಸುಮಾರು 7 ಸಾವಿರ ಮಾತ್ರ. 2005ರ ಜನವರಿಯಲ್ಲಿ ನೀತಿ ಸಡಿಲಾಯಿತು. ಯಾರು ಬೇಕಾದರೂ ಕೆಲವು ನೂರು ರೂಪಾಯಿಗೆ ವರ್ಷದ ಮಟ್ಟಿಗೆ ಒಂದು ಹೆಸರು ಪಡೆಯಬಹುದಾಯಿತು. ಮುಂಬಯಿಯಲ್ಲಿ ತುರಾಖಿಯಾ ಸಹೋದರರು 1998ರಲ್ಲಿ ತಂದೆಯಿಂದ 25 ಸಾವಿರ ರೂಪಾಯಿ ಸಾಲ ಪಡೆದು ಶುರುಮಾಡಿದ್ದ ಡೈರೆಕ್ಟಿ ಕಂಪನಿ ಇದನ್ನೇ ದೊಡ್ಡ ವ್ಯಾಪಾರ ಮಾಡಿತು. ಅದರ ‘ರೀಸೆಲ್ಲರ್‌ಕ್ಲಬ್’ ನೇರವಾಗಿ ಗಿರಾಕಿಗೆ ಮಾರುತ್ತಿರಲಿಲ್ಲ, ಮಾರುವವರಿಗೆ ಮಾರುತ್ತಿತ್ತು.

ಹುಬ್ಬಳ್ಳಿಯಂಥ ಊರುಗಳಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿಯವರು, ಮದುವೆ ಕಾರ್ಡಿನ ಡಿಸೈನ್ ಮಾಡುವವರು, ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಹೋಗಲೊಲ್ಲದ ಹುಡುಗರು ಈ ದಂಧೆಗೆ ಇಳಿದರು. ಒಂದು ರೀಸೆಲ್ಲರ್ ಖಾತೆ ಕೊಂಡರೆ ಅದರೊಳಗೆ ಹತ್ತಾರು ಗಿರಾಕಿಗಳ ವೆಬ್‌ಸೈಟು, ಇಮೇಲ್ ಇಡಬಹುದು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರ, ರಾಣೆಬೆನ್ನೂರಿನ ಬೀಜದ ಕಂಪನಿ, ಶಿಕ್ಷಣ ಸಂಸ್ಥೆ, ಪತ್ತಿನ ಸಹಕಾರಿ ಸಂಘ: ಇಂಥವರಿಗೆ ವಿಸಿಟಿಂಗ್ ಕಾರ್ಡಿನ ಮೇಲೆ ತಮ್ಮದೇ ಹೆಸರಿನ ಇಮೇಲ್ ಇದ್ದರೆ ಒಂದು ತೂಕ. ಸರ್ವರ್ ಎಲ್ಲಿದೆ ಎಂದು ಅವರು ಕೇಳಲಿಲ್ಲ. ಅಮೆರಿಕದ ಟೆಕ್ಸಸ್‌ನಲ್ಲಿದ್ದರೂ ಬಿಲ್ಲು ಹುಬ್ಬಳ್ಳಿಯದು.

ಬಂಕಾಪುರ ತಾಲ್ಲೂಕಿನ ಕಚೇರಿ ಶಿಗ್ಗಾಂವದಲ್ಲಿದ್ದ ಮಾತು ಇಲ್ಲಿ ಒದಗುತ್ತದೆ. ಡೊಮೇನ್ ಎಂಬುದು ಹೆಸರು ಮಾತ್ರ. ಆ ಹೆಸರಿಗೆ ಬಂದ ಮೇಲ್ ಯಾವ ಯಂತ್ರದಲ್ಲಿ ಇಳಿಯಬೇಕೆಂದು ಹೇಳುವುದು ಎಂಎಕ್ಸ್ ಎಂಬ ಒಂದು ಸಾಲಿನ ದಾಖಲೆ. ಆ ಒಂದು ಸಾಲು ತಿದ್ದಿದರೆ ಮೇಲ್ ಎಲ್ಲ ಮೊದಲು ಬೇರೊಬ್ಬರ ಬಾಗಿಲಿಗೆ ಹೋಗಿ, ಅಲ್ಲಿ ಜರಡಿ ಹಿಡಿಸಿಕೊಂಡು, ಆಮೇಲೆ ಮನೆಗೆ ಬರುತ್ತದೆ. ಬಾಡಿಗೆ ಸ್ಪ್ಯಾಮ್ ಫಿಲ್ಟರಿನ, ಅಂದರೆ ಬೇಡದ ಮೇಲ್ ಸೋಸುವ ಜರಡಿಯ, ಇಡೀ ಉದ್ಯಮ ಹುಟ್ಟಿದ್ದು ಈ ಸಾಲಿನಿಂದ. ಪೋಸ್ಟಿನಿ, ಮೆಸೇಜ್‌ಲ್ಯಾಬ್ಸ್, ಎಂಎಕ್ಸ್ ಲಾಜಿಕ್ ಮುಂತಾದ ಕಂಪನಿಗಳು 2000ರ ದಶಕದಲ್ಲಿ ಈ ಜರಡಿಯನ್ನು ಊರೂರಿನ ರೀಸೆಲ್ಲರ್‌ಗಳ ಮೂಲಕ ಮಾರಿದವು. ಆಮೇಲೆ ದೊಡ್ಡ ಮೀನುಗಳು ಬಂದವು: 2007ರಲ್ಲಿ ಗೂಗಲ್ 62.5 ಕೋಟಿ ಡಾಲರಿಗೆ ಪೋಸ್ಟಿನಿಯನ್ನು, 2008ರಲ್ಲಿ ಸಿಮ್ಯಾಂಟೆಕ್ ಮೆಸೇಜ್‌ಲ್ಯಾಬ್ಸನ್ನು, 2009ರಲ್ಲಿ ಮ್ಯಾಕಫಿ ಎಂಎಕ್ಸ್ ಲಾಜಿಕ್ಕನ್ನು ಕೊಂಡವು.

ಜರಡಿಯ ಕೆಲಸ ಹೇಗೆ? ಮೊದಲಿಗೆ ಕಪ್ಪುಪಟ್ಟಿ. 1997ರಲ್ಲಿ ಪಾಲ್ ವಿಕ್ಸಿ, 1998ರಲ್ಲಿ ಸ್ಪ್ಯಾಮ್‌ಹಾಸ್ ಕಟ್ಟಿದ ಸ್ಟೀವ್ ಲಿನ್‌ಫೋರ್ಡ್ ಹಾಕಿಕೊಟ್ಟ ದಾರಿ ಇದು. ಕೆಟ್ಟ ಮೇಲ್ ಬರುವ ಐಪಿ ವಿಳಾಸಗಳನ್ನು ಗುರುತು ಹಾಕು, ಅಲ್ಲಿಂದ ಬಂದದ್ದನ್ನು ಬಾಗಿಲಲ್ಲೇ ತಿರುಗಿಸು. ಟಪಾಲಿನ ಹಾಗೆ ಇದೂ ಹೊರಗಿನ ವಿಳಾಸ ನೋಡುವ ವಿಂಗಡಣೆ. 2001ರಲ್ಲಿ ಬಂದ ಸ್ಪ್ಯಾಮ್‌ಅಸಾಸಿನ್ ಎಂಬ ತಂತ್ರಾಂಶ ಒಳಗನ್ನೂ ಓದಿತು. ಅದು ಪರೀಕ್ಷೆಯ ಮೇಷ್ಟ್ರಂತೆ ಅಂಕ ಹಾಕುತ್ತದೆ. ಶೀರ್ಷಿಕೆ ಪೂರ್ತಿ ದೊಡ್ಡಕ್ಷರದಲ್ಲಿದ್ದರೆ ಇಷ್ಟು, ಕಳಿಸಿದವನ ಯಂತ್ರಕ್ಕೆ ಸರಿಯಾದ ಹೆಸರಿಲ್ಲದಿದ್ದರೆ ಇಷ್ಟು, ಮಾತ್ರೆಯ ಹೆಸರಿದ್ದರೆ ಇನ್ನಷ್ಟು. ಒಟ್ಟು 5 ದಾಟಿದರೆ ಸ್ಪ್ಯಾಮ್. 2002ರ ಆಗಸ್ಟಿನಲ್ಲಿ ಪಾಲ್ ಗ್ರಹಾಂ ಬರೆದ ಲೇಖನದಿಂದ ಸಂಭವನೀಯತೆಯ ಗಣಿತ ಹೆಸರಾಯಿತು: ಯಾವ ಪದ ಕೆಟ್ಟ ಮೇಲ್‌ಗಳಲ್ಲಿ ಎಷ್ಟು ಸಲ, ಒಳ್ಳೆಯವುಗಳಲ್ಲಿ ಎಷ್ಟು ಸಲ ಬರುತ್ತದೆಂದು ಗಿರಾಕಿಯ ಪೆಟ್ಟಿಗೆಯಿಂದಲೇ ಕಲಿಯುವ ಫಿಲ್ಟರ್.

ಅಂಕದ ಲೆಕ್ಕ ಒಮ್ಮೆ ಚೆನ್ನಾಗಿಯೇ ಎಡವಿತು. ಸ್ಪ್ಯಾಮ್ ಕಳಿಸುವವರು ತಮ್ಮ ಮೇಲ್ ಪಟ್ಟಿಯ ತುದಿಯಲ್ಲಿ ಕಾಣಲೆಂದು ಮುಂದಿನ ತಾರೀಖು ಹಾಕುತ್ತಿದ್ದರು. ಅದಕ್ಕೆ ಸ್ಪ್ಯಾಮ್‌ಅಸಾಸಿನ್ ಬರೆದವರು, 2010 ಮತ್ತು ಅದರಾಚೆಯ ಇಸವಿ ಕಂಡರೆ ಮೂರಕ್ಕೂ ಹೆಚ್ಚು ಅಂಕ ಹಾಕು ಎಂದು ನಿಯಮ ಇಟ್ಟಿದ್ದರು. ನಿಯಮ ಅಲ್ಲಿಯೇ ಕುಳಿತಿತ್ತು, 2010ರ ಜನವರಿ 1 ಬಂತು. ಹೊಸ ವರ್ಷದ ದಿನ ಜಗತ್ತಿನಾದ್ಯಂತ ಒಳ್ಳೆಯ ಮೇಲ್‌ಗಳಿಗೂ ಆ ಅಂಕ ಬಿದ್ದು, ಶುಭಾಶಯಗಳು ಎಷ್ಟೋ ಕಡೆ ಸ್ಪ್ಯಾಮ್ ಪೆಟ್ಟಿಗೆ ಸೇರಿದವು. ನಿಯಮ ತಿದ್ದಿದ ಆವೃತ್ತಿ ಬೇಗನೆ ಬಂತು. ಅದನ್ನು ತಂತಮ್ಮ ಸರ್ವರಿಗೆ ಹಾಕಿಕೊಳ್ಳದ ಕಡೆ ತೊಂದರೆ ಮುಂದುವರಿಯಿತು. ದೊಡ್ಡ ಕಂಪನಿಗೆ ಇಂಥದ್ದನ್ನು ರಾತ್ರೋರಾತ್ರಿ ಗಮನಿಸುವ ಮಂದಿ ಇರುತ್ತಾರೆ. ಸಣ್ಣ ರೀಸೆಲ್ಲರನಿಗೆ ಗಿರಾಕಿ ಫೋನ್ ಮಾಡಿ ರೇಗಿದ ಮೇಲೆಯೇ ತಿಳಿಯುವುದು.

ಕನ್ನಡಿಗರಿಗೆ ಇನ್ನೊಂದು ತಾಪತ್ರಯ. ಯುನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದ್ದರೂ ಕಚೇರಿಗಳಲ್ಲಿ ಬಹುಕಾಲ ನಡೆದದ್ದು ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳ ಆಟ. ಆ ಫಾಂಟು ಇರುವ ಯಂತ್ರದಲ್ಲಿ ಅದು ಕನ್ನಡ. ಇಲ್ಲದ ಯಂತ್ರಕ್ಕೆ, ಅದರಲ್ಲೂ ಫಿಲ್ಟರಿಗೆ, ತಲೆಮೇಲೆ ಚುಕ್ಕಿ ಗೆರೆ ಹೊತ್ತ ಯುರೋಪಿನ ಅಕ್ಷರಗಳ ರಾಶಿ. ಅರ್ಥವಿಲ್ಲದ ಅಕ್ಷರರಾಶಿ ಸ್ಪ್ಯಾಮ್ ಕಳಿಸುವವರ ಹಳೆಯ ಉಪಾಯವೂ ಹೌದು. ಮೇಲಾಗಿ, ನಿರೀಕ್ಷೆಯಿಲ್ಲದ ದೂರದ ಲಿಪಿಯಲ್ಲಿ ಮೇಲ್ ಬಂದರೆ ಅಂಕ ಹಾಕುವ ನಿಯಮ ಸ್ಪ್ಯಾಮ್‌ಅಸಾಸಿನ್‌ನಲ್ಲಿತ್ತು. ಸರ್ವರ್ ನಡೆಸುವವನು ಯಾವ ಭಾಷೆಗಳು ತನಗೆ ಬೇಕೆಂದು ಹೇಳಿಡಬೇಕಿತ್ತು. ಪದ ಎಣಿಸಿ ಕಲಿಯುವ ಫಿಲ್ಟರಿಗೂ ಕನ್ನಡ ಸುಲಭದ ತುತ್ತಲ್ಲ. ಸಾಲ, ಸಾಲದ, ಸಾಲಕ್ಕೆ, ಸಾಲದಿಂದಲೇ, ಸಾಲಗಾರರಿಗೂ, ಇವೆಲ್ಲ ಅದಕ್ಕೆ ಬೇರೆ ಬೇರೆ ಪದಗಳು. ಇಂಗ್ಲಿಷಿನಲ್ಲಿ ನೂರು ಮೇಲ್‌ಗೆ ಕಲಿಯುವ ಪಾಠಕ್ಕೆ ಕನ್ನಡದಲ್ಲಿ ಅದಕ್ಕಿಂತ ಬಹಳ ಹೆಚ್ಚು ಬೇಕು. ಕಲಿಸಲು ಅಷ್ಟು ಕನ್ನಡದ ಮೇಲ್ ಯಾವ ವಿದೇಶಿ ಕಂಪನಿಯ ಬಳಿ ಇತ್ತು?

ಒಳಬರುವ ಮೇಲ್‌ನ ಕಥೆ ಇದಾದರೆ, ರೀಸೆಲ್ಲರನ ನಿದ್ದೆ ಕೆಡಿಸಿದ್ದು ಹೊರಹೋಗುವ ಮೇಲ್. ಒಂದೇ ಸರ್ವರ್, ಒಂದೇ ಐಪಿ ವಿಳಾಸ, ಅದರ ಮೇಲೆ ನೂರಾರು ಡೊಮೇನ್. ಒಬ್ಬ ಗಿರಾಕಿಯ ಗುಮಾಸ್ತ ಗುಪ್ತಪದವಾಗಿ ತನ್ನದೇ ಊರಿನ ಹೆಸರು ಇಟ್ಟಿರುತ್ತಾನೆ, ಇಲ್ಲವೇ ಇನ್ನೊಬ್ಬರ ವೆಬ್‌ಸೈಟಿನ ತಂತ್ರಾಂಶ ಮೂರು ವರ್ಷದಿಂದ ಹಾಗೇ ಬಿದ್ದಿರುತ್ತದೆ. ಯಾರೋ ರಾತ್ರಿ ಒಳಹೊಕ್ಕು ಬೆಳಗಿನೊಳಗೆ ಸಾವಿರಗಟ್ಟಲೆ ಮೇಲ್ ಹೊರಗೆ ತಳ್ಳುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಆ ಐಪಿ ಕಪ್ಪುಪಟ್ಟಿಯಲ್ಲಿ. ಹನ್ನೊಂದಕ್ಕೆ, ಈ ತಂಟೆಯೇ ಗೊತ್ತಿಲ್ಲದ ವ್ಯಾಪಾರಿಯೊಬ್ಬನ ಕೊಟೇಶನ್ ಗಿರಾಕಿಗೆ ಮುಟ್ಟದೆ ವಾಪಸು. ಅದರ ಕೆಳಗೆ 550 ಎಂಬ ಅಂಕಿ, ಎರಡು ಸಾಲು ಇಂಗ್ಲಿಷು. ಅವನು ಫೋನ್ ಮಾಡುವುದು ರೀಸೆಲ್ಲರಿಗೆ, ರೀಸೆಲ್ಲರ್ ಟಿಕೆಟ್ ಹಾಕುವುದು ಮೇಲಿನ ಕಂಪನಿಗೆ, ಮೇಲಿನ ಕಂಪನಿ ಬೇಡಿಕೊಳ್ಳುವುದು ಪಟ್ಟಿ ನಡೆಸುವವರನ್ನು. ಮಾಡದ ತಪ್ಪಿಗೆ ಎರಡು ದಿನದ ವ್ಯಾಪಾರ ಹೋಯಿತು.

ಇದು ಒಬ್ಬಿಬ್ಬರ ಪಾಡಾಗಿರಲಿಲ್ಲ. 2012ರ ಮೊದಲ ಮೂರು ತಿಂಗಳಲ್ಲಿ ಜಗತ್ತಿನ ಸ್ಪ್ಯಾಮ್ ಸಾಗಿಸುವ ದೇಶಗಳ ಪಟ್ಟಿಯಲ್ಲಿ ಭಾರತ ಮೊದಲನೆಯ ಸ್ಥಾನಕ್ಕೆ ಬಂತೆಂದು ಸೋಫೋಸ್ ಕಂಪನಿ ಪ್ರಕಟಿಸಿತು. ಪಾಲು ಶೇಕಡಾ 9.3. ಕಳಿಸುವವರು ಭಾರತೀಯರೇ ಆಗಿರಬೇಕೆಂದಿಲ್ಲ. ಬ್ರಾಡ್‌ಬ್ಯಾಂಡ್ ಆಗಷ್ಟೇ ಮನೆಮನೆಗೆ ಹಬ್ಬಿತ್ತು. ಕಳ್ಳಪ್ರತಿಯ ವಿಂಡೋಸ್, ಅಪ್‌ಡೇಟ್ ಇಲ್ಲ, ಆಂಟಿವೈರಸ್ ಇಲ್ಲ. ಇಂಥ ಕಂಪ್ಯೂಟರುಗಳನ್ನು ದೂರದಿಂದ ಹಿಡಿದು ಕುಣಿಸುವವರು ಬೇರೆಯವರು. ಮನೆಯ ಬ್ರಾಡ್‌ಬ್ಯಾಂಡ್ ಐಪಿಯಿಂದ ನೇರವಾಗಿ ಬರುವ ಮೇಲನ್ನು ನಂಬಲೇಬಾರದೆಂಬ ಪಟ್ಟಿಯನ್ನೇ ಸ್ಪ್ಯಾಮ್‌ಹಾಸ್ ಮಾಡಿಟ್ಟಿತ್ತು. ಕಚೇರಿಯ ಮೂಲೆಯಲ್ಲಿ ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡಿದ್ದ ಸಂಸ್ಥೆಗಳ ಕಾಲ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು. ಎಲ್ಲರೂ ಬಾಡಿಗೆಗೆ ಬಂದರು.

ರೀಸೆಲ್ಲರ್‌ಗಳಿಗಾಗಿ ಸೇವೆ ಸುಧಾರಿಸಿದ್ದು ಈ ಒತ್ತಡದಲ್ಲಿ. ನೆದರ್‌ಲೆಂಡ್ಸ್‌ನ ಸ್ಪ್ಯಾಮ್‌ಎಕ್ಸ್‌ಪರ್ಟ್ಸ್, ಕೆನಡಾದ ಮೇಲ್‌ಚಾನೆಲ್ಸ್ ಮುಂತಾದವು ಹೊರಹೋಗುವ ಮೇಲ್‌ಗೂ ಜರಡಿ ಕೊಟ್ಟವು. ಒಂದು ಪೆಟ್ಟಿಗೆ ಗಂಟೆಗೆ ಇಷ್ಟೇ ಮೇಲ್ ಕಳಿಸಬೇಕೆಂಬ ಮಿತಿ; ಮಿತಿ ಮೀರಿದರೆ ಆ ಪೆಟ್ಟಿಗೆ ಮಾತ್ರ ಬಂದ್, ಉಳಿದವರಿಗೆ ತೊಂದರೆಯಿಲ್ಲ. ಅನುಮಾನದ ಮೇಲ್‌ಗಳಿಗೆ ಬೇರೆ ಐಪಿ. ತಡೆಹಿಡಿದ ಮೇಲ್‌ಗಳ ಪಟ್ಟಿ ದಿನಕ್ಕೊಮ್ಮೆ ಗಿರಾಕಿಗೇ. ಎಲ್ಲಕ್ಕಿಂತ ಬೆಲೆಬಾಳುವ ಸುಧಾರಣೆ ಕಣ್ಣಿಗೆ ಕಾಣದ್ದು: ಲಾಗ್ ನೋಡುವ ಹಕ್ಕು. ಮೇಲ್ ಎಷ್ಟು ಗಂಟೆಗೆ ಹೊರಟಿತು, ಎದುರಿನ ಸರ್ವರ್ ಏನೆಂದಿತು ಎಂಬುದನ್ನು ರೀಸೆಲ್ಲರ್ ತಾನೇ ನೋಡಿ ಗಿರಾಕಿಗೆ ಕನ್ನಡದಲ್ಲಿ ಹೇಳಬಹುದಾದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಬೂತಿನವನ ಕೈಯಲ್ಲಿ ಇಲ್ಲದಿದ್ದದ್ದು ಇದೇ.

ಅತ್ತ ಗೂಗಲ್ 2006ರಲ್ಲಿ ಸ್ವಂತ ಡೊಮೇನ್‌ಗೆ ಜಿಮೇಲ್ ಅನ್ನು ಬಿಟ್ಟಿ ಕೊಟ್ಟಿತು, 2009ರಲ್ಲಿ ರೀಸೆಲ್ಲರ್ ಯೋಜನೆ ತಂದಿತು, 2012ರ ಡಿಸೆಂಬರಿನಲ್ಲಿ ಹೊಸಬರಿಗೆ ಬಿಟ್ಟಿ ನಿಲ್ಲಿಸಿತು. ದೇಶೀಯ ಕಂಪನಿ ಜೋಹೊ 2008ರಲ್ಲಿ ಇಮೇಲ್‌ಗೆ ಬಂತು. 2025ರ ಅಕ್ಟೋಬರಿನಲ್ಲಿ ಕೇಂದ್ರ ಗೃಹ ಸಚಿವ ಅಮಿತ್ ಶಾ ತಮ್ಮ ವಿಳಾಸ ಜೋಹೊ ಮೇಲ್‌ಗೆ ಬದಲಾಗಿದೆ ಎಂದು ಸಾರಿದ ಮೇಲಂತೂ ಇಮೇಲ್ ಯಾರದು ಎಂಬುದು ಚಹಾದಂಗಡಿಯ ಮಾತಾಯಿತು. ಡೈರೆಕ್ಟಿಯ ಹೋಸ್ಟಿಂಗ್ ವ್ಯಾಪಾರ 2014ರಲ್ಲಿ ಅಮೆರಿಕದ ಎಂಡ್ಯೂರೆನ್ಸ್ ಪಾಲಾಗಿತ್ತು. ಭವಿನ್ ತುರಾಖಿಯಾ ಆಮೇಲೆ ಕಟ್ಟಿದ ಟೈಟನ್ ಮತ್ತೆ ಇಮೇಲನ್ನೇ, ಮತ್ತೆ ಹೋಸ್ಟಿಂಗ್ ಕಂಪನಿಗಳ ಮೂಲಕವೇ ಮಾರುತ್ತಿದೆ.

ಚೀಟಿ ಹಚ್ಚುವ ಶಿಸ್ತು ವಾಪಸು ಬರಲು ಇಷ್ಟೆಲ್ಲ ಕಾಲ ಬೇಕಾಯಿತು. ಎಸ್‌ಪಿಎಫ್ (2006) ಎಂಬುದು ನನ್ನ ಹೆಸರಿನಲ್ಲಿ ಮೇಲ್ ಕಳಿಸಬಲ್ಲ ಯಂತ್ರಗಳು ಇವು ಎಂದು ಡೊಮೇನ್ ಹೊರಡಿಸುವ ಪಟ್ಟಿ. ಡಿಕೆಐಎಂ (2007) ಪ್ರತಿ ಮೇಲ್‌ಗೆ ಹಾಕುವ ಅರಗಿನ ಮುದ್ರೆ. ಡಿಮಾರ್ಕ್ (2012) ಇವೆರಡೂ ತಪ್ಪಿದರೆ ಏನು ಮಾಡಬೇಕೆಂಬ ಸೂಚನೆ. ವರ್ಷಗಟ್ಟಲೆ ಇವು ಬಲ್ಲವರ ಹವ್ಯಾಸವಾಗಿದ್ದವು. 2024ರ ಫೆಬ್ರವರಿಯಲ್ಲಿ ಗೂಗಲ್ ಮತ್ತು ಯಾಹೂ ಇದನ್ನು ಕಡ್ಡಾಯ ಮಾಡಿದವು. ಜಿಮೇಲ್‌ಗೆ ದಿನಕ್ಕೆ 5,000ಕ್ಕೂ ಮೇಲ್ಪಟ್ಟು ಕಳಿಸುವವರಿಗೆ ಮೂರೂ ಇರಬೇಕು, ಸ್ಪ್ಯಾಮ್ ದೂರು ಶೇಕಡಾ 0.3 ಮುಟ್ಟಬಾರದು, ಉಳಿದವರಿಗೂ ಮೊದಲೆರಡರಲ್ಲಿ ಒಂದಾದರೂ ಬೇಕು. ಖರ್ಚು ಹಣದ್ದಲ್ಲ, ಹೊಣೆಯದ್ದು. ಆದರೂ ಅದು ಮತ್ತೆ ಕಳಿಸುವವನ ಮೈಮೇಲೆ ಬಂದಿತ್ತು.

ಕಾನೂನು ಮಾತ್ರ ಈ ಹೊಲಕ್ಕೆ ಇಳಿಯಲಿಲ್ಲ. ಬೇಡದ ಫೋನ್ ಕರೆ, ಎಸ್‌ಎಂಎಸ್‌ಗಳಿಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2010ರಲ್ಲೂ 2018ರಲ್ಲೂ ನಿಯಮ ತಂದಿದೆ. ಇಮೇಲ್ ಸ್ಪ್ಯಾಮ್‌ಗೆ ಹತ್ತಿರದ ಮಾತಿದ್ದದ್ದು ಐಟಿ ಕಾಯ್ದೆಯ 66ಎ ಕಲಮಿನ ಒಂದು ಉಪವಾಕ್ಯದಲ್ಲಿ: ಕಿರಿಕಿರಿ ಮಾಡುವ ಇಲ್ಲವೇ ಮೂಲ ಮರೆಮಾಚುವ ಮೇಲ್ ಅಪರಾಧ ಎಂದು. ಮಾತಿನ ಸ್ವಾತಂತ್ರ್ಯಕ್ಕೆ ಅಡ್ಡವಾಗಿದ್ದ ಆ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಪೂರ್ತಿಯಾಗಿ ರದ್ದು ಮಾಡಿತು. ರದ್ದಾದದ್ದು ಸರಿಯೇ. ಅದರ ಜಾಗದಲ್ಲಿ ಇಮೇಲ್ ಸ್ಪ್ಯಾಮ್‌ಗೆಂದೇ ಬರೆದ ಕಾಯ್ದೆ ಮಾತ್ರ ಬಂದಿಲ್ಲ. 1898ರ ಅಂಚೆ ಕಾಯ್ದೆಯನ್ನು ತಿದ್ದಿದವರು ಲಾಟರಿ ಕಾಗದಕ್ಕೆ ಕೊಟ್ಟಷ್ಟು ಗಮನವನ್ನೂ ಇಂದಿನವರು ಇದಕ್ಕೆ ಕೊಟ್ಟಿಲ್ಲವೆಂದರೆ ತಪ್ಪಾಗದು. ಆ ಹಳೆಯ ಅಂಚೆ ಕಾಯ್ದೆಯೂ 2024ರ ಜೂನ್‌ನಲ್ಲಿ ಹೊಸ ಕಾಯ್ದೆಗೆ ಜಾಗ ಬಿಟ್ಟಿತು.

ಹೀಗಾಗಿ ಜವಾಬ್ದಾರಿ ಬಂದು ನಿಂತಿರುವುದು ಕಾಯ್ದೆಯ ಬಳಿಯಲ್ಲ, ಮೇಲಿನ ದೊಡ್ಡ ಕಂಪನಿಯ ಬಳಿಯೂ ಅಲ್ಲ, ನಡುವಿನ ರೀಸೆಲ್ಲರನ ಬಳಿ. ಶಿಗ್ಗಾಂವ, ಹಾನಗಲ್ಲ, ಸವಣೂರು, ಹಿರೇಕೆರೂರು ಕಡೆ ಶಾಲೆ, ಸಂಘ, ಅಂಗಡಿ ನಡೆಸುತ್ತ ಸ್ವಂತ ಹೆಸರಿನ ಇಮೇಲ್ ಇಟ್ಟುಕೊಂಡವರು ಅವನನ್ನು ಮೂರು ಮಾತು ಕೇಳಬೇಕು. ಡೊಮೇನ್ ನೋಂದಣಿಯಾಗಿರುವುದು ನಮ್ಮ ಸಂಸ್ಥೆಯ ಹೆಸರಿನಲ್ಲೋ ನಿಮ್ಮ ಹೆಸರಿನಲ್ಲೋ? ಹೊರಹೋಗುವ ಮೇಲ್‌ಗೆ ಮಿತಿ, ಮುದ್ರೆ ಎರಡೂ ಇವೆಯೇ? ನಮಗೆ ಬಂದು ತಡೆಹಿಡಿದ ಮೇಲನ್ನು ನಾವೇ ನೋಡುವುದು ಹೇಗೆ? ಮೂರಕ್ಕೂ ನೇರ ಉತ್ತರ ಬಾರದಿದ್ದರೆ ಮುಂದಿನ ವರ್ಷದ ಬಾಡಿಗೆ ಕಟ್ಟುವ ಮೊದಲು ಬೇರೆ ಕಡೆ ವಿಚಾರಿಸುವುದು ಒಳ್ಳೆಯದು.